ಮುಂಬಯಿಯ ಉಡುಪಿ ಹೋಟೆಲು: ಲೋಟ ತೊಳೆದ ಹುಡುಗರ ಇತಿಹಾಸ

1956ರ ನವೆಂಬರ್ 1ಕ್ಕಿಂತ ಮೊದಲು ನಮ್ಮ ಬೆಳಗಾವಿ ಜಿಲ್ಲೆ ಮುಂಬಯಿ ರಾಜ್ಯದಲ್ಲಿತ್ತು. ರಾಜಧಾನಿ ಅಂದರೆ ಮುಂಬಯಿ. ಆದರೆ ಆ ನಗರದ ಬೀದಿಬೀದಿಯಲ್ಲಿ ಕನ್ನಡ ನಾಡಿನ ಊರೊಂದರ ಹೆಸರನ್ನು ಬೋರ್ಡಿನ ಮೇಲೆ ಬರೆಸಿದವರು ಕರಾವಳಿಯವರು. ಆ ಹೆಸರು ಉಡುಪಿ.

ಮಾಟುಂಗಾ ಸ್ಟೇಷನ್ ಹತ್ತಿರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇದೆ. ಎ. ರಾಮ ನಾಯಕ್ ಅದನ್ನು ಶುರು ಮಾಡಿದ್ದು 1942ರಲ್ಲಿ. ಆಗ ಮಹಾಯುದ್ಧ ನಡೆದಿತ್ತು. ಮರುವರ್ಷವೇ ಮುಂಬಯಿಗೆ ರೇಷನ್ ಬಂತು, ಅಕ್ಕಿಯೂ ಅಳತೆಗೆ ಸಿಕ್ಕಿತು. ಅಂಥ ದಿನಗಳಲ್ಲಿ, ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟು ಬಂದ ಗುಮಾಸ್ತರಿಗೂ ಕೂಲಿಯವರಿಗೂ ಇಂಥ ಖಾನಾವಳಿಯೇ ಮನೆ. ಬಾಳೆಲೆ, ಅನ್ನ, ಸಾರು, ಪಲ್ಯ, ಮಜ್ಜಿಗೆ. ಅದಕ್ಕಿಂತ ಹೆಚ್ಚಿನದು ಊರಿನ ಮಾತು.

ರಾಮ ನಾಯಕರು ಮುಂಬಯಿಗೆ ಬಂದದ್ದು ಹುಡುಗನಾಗಿದ್ದಾಗ. ಮೊದಲ ಕೆಲಸ ಪಾತ್ರೆ ತೊಳೆಯುವುದು. ಅವರಂತೆ ಬಂದವರು ಎಷ್ಟೋ ಮಂದಿ. ಲೋಟ ತೊಳೆಯುವುದು, ಟೇಬಲ್ ಒರೆಸುವುದು, ಆಮೇಲೆ ಮಾಣಿ, ಅದೃಷ್ಟವಿದ್ದರೆ ಗಲ್ಲಾಪೆಟ್ಟಿಗೆ. ಊಟ ಅಲ್ಲೇ. ರಾತ್ರಿ ಬಾಗಿಲು ಹಾಕಿದ ಮೇಲೆ ನಿದ್ದೆಯೂ ಅಲ್ಲೇ.

ಗಲ್ಲಾಪೆಟ್ಟಿಗೆ ತನಕ ಹೋದವರ ಕಥೆ ಎಲ್ಲರಿಗೂ ಗೊತ್ತು. ಲೋಟದ ಹತ್ತಿರವೇ ಉಳಿದವರ ಕಥೆ ಯಾರೂ ಬರೆದಿಡಲಿಲ್ಲ.

ಅವರಿಗೆ ಇನ್ನೊಂದು ದಾರಿ ಇದ್ದರೆ ಅದು ರಾತ್ರಿ ಶಾಲೆ. ಕರಾವಳಿಯ ಮೀನುಗಾರರು 1902ರಲ್ಲಿ ಮುಂಬಯಿಯಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿ ಕಟ್ಟಿದರು, 1908ರಲ್ಲಿ ರಾತ್ರಿ ಶಾಲೆ ತೆರೆದರು. ಮುಂದೆ ಬೇರೆ ಸಂಘಗಳೂ ಅದೇ ಕೆಲಸ ಮಾಡಿದವು. ಹಗಲೆಲ್ಲ ಎಂಜಲು ತೆಗೆದ ಹುಡುಗರು ರಾತ್ರಿ ಕನ್ನಡ ಪಾಠ ಓದಿದರು. ಹಾಗೆ ಓದಿ ಬ್ಯಾಂಕು, ಕಚೇರಿ ಸೇರಿದವರಿದ್ದಾರೆ.

1966ರಲ್ಲಿ ಶಿವಸೇನೆ ಹುಟ್ಟಿತು. ದಕ್ಷಿಣದವರು ಕೆಲಸ ಕಿತ್ತುಕೊಂಡರು ಎಂಬ ಸಿಟ್ಟು ಉಡುಪಿ ಹೋಟೆಲುಗಳ ಮೇಲೆ ಕಲ್ಲಾಗಿ ಬಿತ್ತು. ಆದರೂ ಹೋಟೆಲುಗಳು ಊರು ಬಿಡಲಿಲ್ಲ. ಮುಂಬಯಿಯವರ ನಾಲಿಗೆ ಇಡ್ಲಿ, ದೋಸೆಯನ್ನು ಅಷ್ಟರಲ್ಲೇ ತನ್ನದು ಮಾಡಿಕೊಂಡಿತ್ತು.

ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಹೋಟೆಲು, ಢಾಬಾಗಳಲ್ಲಿ ದುಡಿಸಬಾರದೆಂಬ ಕೇಂದ್ರದ ಆದೇಶ ಜಾರಿಯಾದದ್ದು 2006ರ ಅಕ್ಟೋಬರ್ 10ರಂದು. ರಾಮ ನಾಯಕರ ಬೋರ್ಡಿಂಗಿಗೆ ಆಗ 64 ವರ್ಷ.

ಈಗ ನಮ್ಮ ಕಡೆಯವರೂ ಬೆಂಗಳೂರು, ಪುಣೆಯಲ್ಲಿ ಜೋಳದ ರೊಟ್ಟಿ ಖಾನಾವಳಿ ಇಟ್ಟಿದ್ದಾರೆ. ರೊಟ್ಟಿ ಬಡಿಯುವವರು, ತಾಟು ತೊಳೆಯುವವರು ನಮ್ಮ ಊರುಗಳಿಂದಲೇ ಹೋದವರು. ಅವರ ಹೆಸರಾದರೂ ಈ ಸಲ ಇತಿಹಾಸದಲ್ಲಿ ಉಳಿಯಲಿ.