ದೆವ್ವ ಹಿಡಿಯುವ ಕಸುಬು: ‘ಘೋಸ್ಟ್‌ಬಸ್ಟರ್ಸ್’ ಆಕರ್ಷಣೆಯ ಬೇರುಗಳು

ನ್ಯೂಯಾರ್ಕಿನ ಟ್ರೈಬೆಕಾ ಪ್ರದೇಶದಲ್ಲಿ, ನಾರ್ತ್ ಮೂರ್ ಬೀದಿಯ 14ನೇ ನಂಬರಿನಲ್ಲಿ ಹಳೆಯ ಅಗ್ನಿಶಾಮಕ ಠಾಣೆಯೊಂದಿದೆ. ಬೆಂಕಿ ಆರಿಸುವ ಗಾಡಿ ಇವತ್ತಿಗೂ ಅಲ್ಲಿಂದ ಹೊರಡುತ್ತದೆ. ಅದರ ಬಾಗಿಲ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುವ ಪ್ರವಾಸಿಗರು ಮಾತ್ರ ಬೇರೆಯ ಕಾರಣಕ್ಕೆ ಬಂದವರು. 1984ರ ಜೂನ್ 8ರಂದು ತೆರೆಕಂಡ ‘ಘೋಸ್ಟ್‌ಬಸ್ಟರ್ಸ್’ ಚಿತ್ರದಲ್ಲಿ ದೆವ್ವ ಹಿಡಿಯುವವರ ಕಚೇರಿಯಾಗಿ ಕಾಣಿಸಿಕೊಂಡದ್ದು ಇದೇ ಕಟ್ಟಡ. ಸುಮಾರು 3 ಕೋಟಿ ಡಾಲರ್ ವೆಚ್ಚದ ಆ ಚಿತ್ರ ಮೊದಲ ಬಿಡುಗಡೆಯಲ್ಲೇ ಉತ್ತರ ಅಮೆರಿಕದಲ್ಲಿ 22 ಕೋಟಿ ಡಾಲರಿಗೂ ಹೆಚ್ಚು ಗಳಿಸಿತು. 2015ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ದಾಖಲೆಯ ಪಟ್ಟಿಗೂ ಸೇರಿತು.

ನಾಲ್ಕು ದಶಕಗಳ ಕಾಲ ಇದು ಹೇಗೆ ಉಳಿದುಕೊಂಡಿತು ಎಂಬ ಪ್ರಶ್ನೆಗೆ ಬಿಲ್ ಮರ‍್ರೆಯ ನಟನೆ, ರೇ ಪಾರ್ಕರ್ ಜೂನಿಯರ್ ಹಾಡಿದ ಶೀರ್ಷಿಕೆ ಗೀತೆ, ಕೆಂಪು ವೃತ್ತದೊಳಗೆ ಸಿಕ್ಕಿಬಿದ್ದ ದೆವ್ವದ ಲಾಂಛನ ಎಂಬ ಉತ್ತರಗಳು ಸಾಮಾನ್ಯವಾಗಿ ಸಿಗುತ್ತವೆ. ಇವೆಲ್ಲ ನಿಜವೇ. ಆದರೆ ಚಿತ್ರದ ಹಿಂದಿನ ಇತಿಹಾಸವನ್ನು ಕೆದಕಿದರೆ ಇನ್ನೂ ಆಳದ ಕಾರಣವೊಂದು ಸಿಗುತ್ತದೆ. ಇಲ್ಲಿ ದೆವ್ವ ನಿಜ, ಅದರ ಭಯವೂ ನಿಜ. ಅದನ್ನು ಎದುರಿಸುವವರಿಗೆ ಮಾತ್ರ ಅದು ಹೊಟ್ಟೆಪಾಡಿನ ಕೆಲಸ. ಈ ಎರಡರ ನಡುವಿನ ಅಂತರದಲ್ಲೇ ನಗು ಹುಟ್ಟುತ್ತದೆ.

ಓಡಿಹೋಗುತ್ತಿದ್ದ ನಾಯಕರು

ಭಯ ಮತ್ತು ನಗುವನ್ನು ಒಂದೇ ಮನೆಯಲ್ಲಿ ಕೂಡಿಹಾಕುವ ಕಲೆ ಹಾಲಿವುಡ್‌ಗೆ ಮೂಕಿಚಿತ್ರಗಳ ಕಾಲದಿಂದಲೂ ಗೊತ್ತಿತ್ತು. ಹೆರಾಲ್ಡ್ ಲಾಯ್ಡ್ 1920ರಲ್ಲಿ, ಬಸ್ಟರ್ ಕೀಟನ್ 1921ರಲ್ಲಿ ದೆವ್ವದ ಮನೆಗಳಲ್ಲಿ ಎದ್ದುಬಿದ್ದು ಓಡಿದರು. 1939ರ ‘ದಿ ಕ್ಯಾಟ್ ಅಂಡ್ ದಿ ಕ್ಯಾನರಿ’ಯಲ್ಲಿ ಬಾಬ್ ಹೋಪ್, 1941ರ ‘ಹೋಲ್ಡ್ ದಟ್ ಘೋಸ್ಟ್’ನಲ್ಲಿ ಅಬಟ್ ಮತ್ತು ಕಾಸ್ಟೆಲೊ ಜೋಡಿ ಅದೇ ದಾರಿ ಹಿಡಿದರು. ಈ ಸಾಲಿನ ಚಿತ್ರಗಳಲ್ಲಿ ಕೊನೆಗೆ ಮುಸುಕು ಸರಿದಾಗ ಒಳಗಿರುವುದು ಹೆಚ್ಚಾಗಿ ಮನುಷ್ಯನೇ: ಆಸ್ತಿಗೆ ಕಣ್ಣುಹಾಕಿದ ದಾಯಾದಿ, ಇಲ್ಲವೆ ದುಡ್ಡಿನ ಹಿಂದೆ ಬಿದ್ದ ಕಳ್ಳರ ಗುಂಪು. ಹೆದರಿದವನ ಪೇಚಾಟವೇ ಅಲ್ಲಿನ ಹಾಸ್ಯ.

1948ರ ‘ಅಬಟ್ ಅಂಡ್ ಕಾಸ್ಟೆಲೊ ಮೀಟ್ ಫ್ರಾಂಕೆನ್‌ಸ್ಟೈನ್’ ಈ ಜಾಡನ್ನು ಬದಲಿಸಿತು. ಅದರಲ್ಲಿ ಬೆಲಾ ಲುಗೋಸಿ ಡ್ರಾಕುಲಾನಾಗಿ, ಲಾನ್ ಚೇನಿ ಜೂನಿಯರ್ ತೋಳಮಾನವನಾಗಿ ನಟಿಸಿದರು. ಗಂಭೀರ ಭಯಚಿತ್ರಗಳಲ್ಲಿ ಮಾಡಿದಂತೆಯೇ ಇಲ್ಲೂ ಒಂದಿಷ್ಟೂ ನಗದೆ ಅಭಿನಯಿಸಿದರು. ರಾಕ್ಷಸ ನಗಿಸಲು ಹೋಗದಿದ್ದಾಗಲೇ ವಿದೂಷಕನ ಪಾಡು ಹೆಚ್ಚು ನಗೆ ತರಿಸುತ್ತದೆ ಎಂಬುದನ್ನು ಆ ಚಿತ್ರ ತೋರಿಸಿಕೊಟ್ಟಿತು.

ಕಸುಬಿನ ಎಳೆ ಬಂದದ್ದು ಬೇರೆ ಕಡೆಯಿಂದ. ಡಿಸ್ನಿಯ 1937ರ ಕಿರುಚಿತ್ರ ‘ಲೋನ್‌ಸಮ್ ಘೋಸ್ಟ್ಸ್’ನಲ್ಲಿ ಮಿಕ್ಕಿ, ಡೊನಾಲ್ಡ್, ಗೂಫಿ ಮೂವರೂ ಸೇರಿ ದೆವ್ವ ಓಡಿಸುವ ಕಂಪನಿ ತೆರೆದು ಗಿರಾಕಿಗಾಗಿ ಕಾಯುತ್ತಾರೆ. ಹೊತ್ತು ಹೋಗದ ದೆವ್ವಗಳೇ ಫೋನ್ ಮಾಡಿ ಅವರನ್ನು ಕರೆಸಿಕೊಂಡು ಆಟವಾಡಿಸುತ್ತವೆ. ನಾಲ್ಕೂವರೆ ದಶಕಗಳ ಬಳಿಕ ಬಂದ ಚಿತ್ರಕ್ಕೆ ಇದಕ್ಕಿಂತ ಹತ್ತಿರದ ಪೂರ್ವಜ ಸಿಗುವುದು ಕಷ್ಟ.

ಅಜ್ಜನ ರೇಡಿಯೊ, ಮುತ್ತಜ್ಜನ ಮೇಜು

ಕಥೆಯನ್ನು ಮೊದಲು ಕಲ್ಪಿಸಿದ ಡ್ಯಾನ್ ಆಕ್ರಾಯ್ಡ್‌ಗೆ ಪ್ರೇತಲೋಕ ಮನೆತನದ ಆಸಕ್ತಿಯಾಗಿ ಬಂದಿತ್ತು. ಕೆನಡಾದ ಒಂಟಾರಿಯೊದಲ್ಲಿ ದಂತವೈದ್ಯರಾಗಿದ್ದ ಅವರ ಮುತ್ತಜ್ಜ ಸ್ಯಾಮ್ಯುಯೆಲ್ ತಮ್ಮ ತೋಟದ ಮನೆಯಲ್ಲಿ ಸತ್ತವರೊಂದಿಗೆ ಮಾತಾಡುವ ಬೈಠಕ್‌ಗಳನ್ನು ನಡೆಸುತ್ತಿದ್ದರು. ಬೆಲ್ ಟೆಲಿಫೋನ್ ಕಂಪನಿಯ ಎಂಜಿನಿಯರಾಗಿದ್ದ ಅಜ್ಜ ಮಾರಿಸ್, ರೇಡಿಯೊ ತಂತ್ರದಿಂದ ಪರಲೋಕವನ್ನು ಮುಟ್ಟಬಹುದೇ ಎಂದು ಯೋಚಿಸಿದವರು. ತಂದೆ ಪೀಟರ್ ಈ ವಿಷಯದ ಮೇಲೆ 2009ರಲ್ಲಿ ‘ಎ ಹಿಸ್ಟರಿ ಆಫ್ ಘೋಸ್ಟ್ಸ್’ ಎಂಬ ಪುಸ್ತಕವನ್ನೇ ಪ್ರಕಟಿಸಿದರು.

ಈ ಮನೆತನದ ಕಥೆಯ ಹಿಂದೆ ಒಂದು ದೊಡ್ಡ ಚಳವಳಿಯಿದೆ. 1848ರಲ್ಲಿ ನ್ಯೂಯಾರ್ಕ್ ರಾಜ್ಯದ ಹೈಡ್ಸ್‌ವಿಲ್ ಎಂಬ ಹಳ್ಳಿಯಲ್ಲಿ ಫಾಕ್ಸ್ ಸೋದರಿಯರು ಗೋಡೆಯ ಮೇಲಿನ ಟಕಟಕ ಸದ್ದಿನ ಮೂಲಕ ಪ್ರೇತದೊಂದಿಗೆ ಮಾತಾಡುತ್ತೇವೆಂದರು. ಅಲ್ಲಿಂದ ಹಬ್ಬಿದ ನಂಬಿಕೆಯನ್ನು ಪರೀಕ್ಷಿಸಲು ವಿದ್ವಾಂಸರೂ ಮುಂದೆ ಬಂದರು. 1882ರಲ್ಲಿ ಲಂಡನ್ನಿನಲ್ಲಿ ‘ಸೊಸೈಟಿ ಫಾರ್ ಸೈಕಿಕಲ್ ರಿಸರ್ಚ್’ ಹುಟ್ಟಿತು. ಅಮೆರಿಕದ ಇಂಥದೇ ಸಂಸ್ಥೆಯಲ್ಲಿ ತತ್ತ್ವಜ್ಞಾನಿ ವಿಲಿಯಂ ಜೇಮ್ಸ್ ತೊಡಗಿಕೊಂಡರು. 1930ರ ದಶಕದಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ಜೆ.ಬಿ. ರೈನ್, ವೃತ್ತ, ನಕ್ಷತ್ರ, ಅಲೆಗಳಂಥ ಚಿಹ್ನೆಗಳಿರುವ 25 ಝೀನರ್ ಕಾರ್ಡುಗಳ ಕಟ್ಟಿನಿಂದ ಅತೀಂದ್ರಿಯ ಶಕ್ತಿಯನ್ನು ಅಳೆಯಲು ಹೊರಟರು. ಚಿತ್ರದಲ್ಲಿ ಪೀಟರ್ ವೆಂಕ್‌ಮನ್ (ಬಿಲ್ ಮರ‍್ರೆ) ಮೊದಲ ಬಾರಿ ಕಾಣಿಸಿಕೊಂಡಾಗ ಅವನ ಕೈಯಲ್ಲಿರುವುದು ಅದೇ ಕಾರ್ಡುಗಳು. ಸರಿಯುತ್ತರ ಕೊಟ್ಟ ಹುಡುಗನಿಗೆ ಶಾಕ್ ಕೊಡುತ್ತ, ತಪ್ಪು ಹೇಳಿದ ಹುಡುಗಿಯನ್ನು ಹೊಗಳುತ್ತ ಕೂತ ವೆಂಕ್‌ಮನ್‌ನ ಈ ದೃಶ್ಯ, ಒಂದು ಶತಮಾನದ ಸಂಶೋಧನಾ ಪರಂಪರೆಯನ್ನು ಎರಡೇ ನಿಮಿಷಗಳಲ್ಲಿ ಪ್ರೇಕ್ಷಕನ ಮುಂದಿಡುತ್ತದೆ.

ಆಕ್ರಾಯ್ಡ್ ನಿಜವಾಗಿ ನಂಬಿ ಬರೆದರು. ಆತ್ಮಗಳ ವರ್ಗೀಕರಣ, ಅಳೆಯುವ ಮೀಟರು, ಸೆರೆಹಿಡಿಯುವ ಪೆಟ್ಟಿಗೆ, ಕೂಡಿಡುವ ಉಗ್ರಾಣ ಎಲ್ಲಕ್ಕೂ ಚಿತ್ರದೊಳಗೆ ಒಂದು ತರ್ಕವಿರುವುದು ಆ ಶ್ರದ್ಧೆಯ ಫಲ.

ಭವಿಷ್ಯದಿಂದ ಬೀದಿಗೆ

ಆಕ್ರಾಯ್ಡ್ ಇದನ್ನು ಮೊದಲು ಬರೆಯತೊಡಗಿದ್ದು ತಾವು ಮತ್ತು ತಮ್ಮ ಗೆಳೆಯ ಜಾನ್ ಬೆಲೂಶಿ ನಟಿಸಲೆಂದು. 1982ರ ಮಾರ್ಚ್ 5ರಂದು ಬೆಲೂಶಿ ತೀರಿಕೊಂಡರು. ಮೊದಲ ಕರಡಿನ ಕಥೆ ಭವಿಷ್ಯದಲ್ಲಿ, ಹಲವು ಲೋಕಗಳಲ್ಲಿ ನಡೆಯುತ್ತಿತ್ತು. ದೆವ್ವ ಹಿಡಿಯುವವರು ಆಗಲೇ ಅಗ್ನಿಶಾಮಕ ದಳದವರಷ್ಟು ಪರಿಚಿತರು. ಅದನ್ನು ಓದಿದ ನಿರ್ದೇಶಕ ಐವನ್ ರೈಟ್‌ಮನ್ ಕೊಟ್ಟ ಸಲಹೆ ಚಿತ್ರದ ಹಣೆಬರಹವನ್ನೇ ಬದಲಿಸಿತು. ಕಥೆ ಇಂದಿನ ನ್ಯೂಯಾರ್ಕಿನಲ್ಲಿ ನಡೆಯಲಿ, ಕಂಪನಿ ಶುರುವಾಗುವ ಹಂತದಿಂದಲೇ ಆರಂಭವಾಗಲಿ ಎಂಬುದು ಅವರ ಮಾತಿನ ಸಾರ. ‘ಸ್ಟ್ರೈಪ್ಸ್’ (1981) ಚಿತ್ರದಲ್ಲಿ ಅವರೊಂದಿಗಿದ್ದ ಹೆರಾಲ್ಡ್ ರೇಮಿಸ್ ಬರವಣಿಗೆಗೆ ಜೊತೆಯಾದರು. ಮಾರ್ತಾಸ್ ವಿನ್‌ಯಾರ್ಡ್ ದ್ವೀಪದಲ್ಲಿ ಕೂತು ಕಥೆಯನ್ನು ಮತ್ತೆ ಕಟ್ಟಲಾಯಿತು.

ಕೊಲಂಬಿಯಾ ಪಿಕ್ಚರ್ಸ್‌ನ ಫ್ರಾಂಕ್ ಪ್ರೈಸ್ 1983ರಲ್ಲಿ ಒಪ್ಪಿಗೆ ಕೊಟ್ಟಾಗ ವಿಧಿಸಿದ ಷರತ್ತು 1984ರ ಜೂನ್‌ಗೆ ಚಿತ್ರ ಸಿದ್ಧವಾಗಬೇಕೆಂಬುದು. ಅಕ್ಟೋಬರ್ ಕೊನೆಯಲ್ಲಿ ನ್ಯೂಯಾರ್ಕಿನ ಬೀದಿಗಳಲ್ಲಿ ಚಿತ್ರೀಕರಣ ಆರಂಭವಾಯಿತು.

ಬಿಲ್ಲು, ಬಡ್ಡಿ, ಸಂಬಳ

ರೈಟ್‌ಮನ್ ಸಲಹೆಯ ಫಲ ಪ್ರತಿ ದೃಶ್ಯದಲ್ಲೂ ಕಾಣುತ್ತದೆ. ವಿಶ್ವವಿದ್ಯಾಲಯದಿಂದ ಹೊರಬಿದ್ದ ಮೂವರು ಸಂಶೋಧಕರಿಗೆ ಬಂಡವಾಳ ಬೇಕು. ರೇ ಸ್ಟಾಂಟ್ಜ್ ತಾನು ಹುಟ್ಟಿದ ಮನೆಯನ್ನೇ ಶೇ. 19ರ ಬಡ್ಡಿಗೆ ಅಡವಿಡುತ್ತಾನೆ. ಮೊದಲ ಐದು ವರ್ಷಗಳ ಬಡ್ಡಿಯೇ 95,000 ಡಾಲರ್ ಎಂದು ಇಗಾನ್ ಸ್ಪೆಂಗ್ಲರ್ ಲೆಕ್ಕ ಒಪ್ಪಿಸುತ್ತಾನೆ. ಅಮೆರಿಕದ ಬ್ಯಾಂಕುಗಳ ಮೂಲ ಬಡ್ಡಿದರ 1980-81ರಲ್ಲಿ ಶೇ. 20 ದಾಟಿದ್ದನ್ನು ಕಂಡಿದ್ದ ಪ್ರೇಕ್ಷಕರಿಗೆ ಈ ಅಂಕಿ ಉತ್ಪ್ರೇಕ್ಷೆಯಾಗಿ ಕಂಡಿರಲಾರದು. ರೇ 4,800 ಡಾಲರ್ ಕೊಟ್ಟು ತಂದ 1959ರ ಕ್ಯಾಡಿಲಾಕ್ ಆಂಬುಲೆನ್ಸ್‌ಗೆ ಬ್ರೇಕಿನಿಂದ ಹಿಡಿದು ಎಲ್ಲ ರಿಪೇರಿಯೂ ಬಾಕಿ.

ಸೆಜ್‌ವಿಕ್ ಹೋಟೆಲಿನ ಪ್ರಸಂಗ ಈ ಧಾಟಿಯ ತುತ್ತತುದಿ. ಹಸಿರು ಪ್ರೇತವೊಂದನ್ನು ಹಿಡಿಯುವ ಭರದಲ್ಲಿ ಔತಣದ ಸಭಾಂಗಣವನ್ನು ಚಿಂದಿಮಾಡಿದ ಮೂವರು, ಮ್ಯಾನೇಜರನ ಮುಂದೆ ನಿಂತು ಹಿಡಿದದ್ದಕ್ಕೆ 4,000, ಕೂಡಿಡುವುದಕ್ಕೆ 1,000 ಡಾಲರ್ ಎಂದು ಬಿಲ್ ಮಾಡುತ್ತಾರೆ. ಅವನು ಕೊಡಲು ಹಿಂಜರಿದಾಗ, ಬೇಡವಾದರೆ ದೆವ್ವವನ್ನು ಇಲ್ಲೇ ಬಿಟ್ಟುಹೋಗುತ್ತೇವೆ ಎನ್ನುತ್ತಾರೆ. ಮ್ಯಾನೇಜರ್ ಮರುಮಾತಿಲ್ಲದೆ ಒಪ್ಪುತ್ತಾನೆ.

ಕೆಲಸ ಹೆಚ್ಚಾದಾಗ ಸೇರಿಕೊಳ್ಳುವ ವಿನ್ಸ್‌ಟನ್ ಝೆಡ್‌ಮೋರ್ (ಅರ್ನಿ ಹಡ್ಸನ್) ಬಂದದ್ದು ಉದ್ಯೋಗ ಹುಡುಕಿಕೊಂಡು. ಹಾರುವ ತಟ್ಟೆಯಿಂದ ಹಿಡಿದು ಮುಳುಗಿದ ಖಂಡದವರೆಗೆ ಏನೇನನ್ನು ನಂಬುತ್ತೀಯೆಂದು ಕಚೇರಿಯ ಕಾರ್ಯದರ್ಶಿ ಜಾನೀನ್ ಪಟ್ಟಿ ಒಪ್ಪಿಸುತ್ತಾಳೆ. ಸಂಬಳ ಸರಿಯಾಗಿ ಬರುವುದಾದರೆ ನೀವು ಹೇಳಿದ್ದನ್ನೆಲ್ಲ ನಂಬುತ್ತೇನೆ ಎಂಬುದು ಅವನ ಉತ್ತರದ ತಾತ್ಪರ್ಯ. ಇಡೀ ಚಿತ್ರದ ನಿಲುವನ್ನು ಹೇಳುವ ಈ ಪಾತ್ರವನ್ನು ಅಂತಿಮ ಚಿತ್ರಕಥೆಯಲ್ಲಿ ಬಹಳ ಕುಗ್ಗಿಸಲಾಯಿತೆಂದು ಹಡ್ಸನ್ ಬಹಿರಂಗವಾಗಿ ಹೇಳಿಕೊಂಡಿದ್ದಾರೆ. ಕಪ್ಪು ನಟನಿಗೆ ಜಾಹೀರಾತಿನ ಚಿತ್ರಪಟದಲ್ಲೂ ಮುಖ್ಯ ಸ್ಥಾನ ಸಿಗಲಿಲ್ಲ. ಚಿತ್ರದ ಮೇಲೆ ಪ್ರೀತಿಯಿರುವವರೂ ಒಪ್ಪಲೇಬೇಕಾದ ಅನ್ಯಾಯವಿದು.

ಭಯಕ್ಕೆ ಕೊಟ್ಟ ಗೌರವ

ದೆವ್ವ ಹುಸಿಯಾಗಿದ್ದರೆ ಈ ವ್ಯಾಪಾರವೂ ಹುಸಿಯಾಗುತ್ತಿತ್ತು. ಅದಕ್ಕೇ ತಂತ್ರಜ್ಞರ ಆಯ್ಕೆ ಮುಖ್ಯವಾಗುತ್ತದೆ. ವಿಶೇಷ ಪರಿಣಾಮಗಳ ಹೊಣೆ ಹೊತ್ತ ರಿಚರ್ಡ್ ಎಡ್ಲಂಡ್ ‘ಸ್ಟಾರ್ ವಾರ್ಸ್’ಗೆ ಆಸ್ಕರ್ ಪಡೆದವರು, ಅದಕ್ಕಿಂತ ಮುಖ್ಯವಾಗಿ, 1982ರ ‘ಪೋಲ್ಟರ್‌ಗೈಸ್ಟ್’ನ ಪ್ರೇತಗಳನ್ನು ರೂಪಿಸಿದವರು. ಛಾಯಾಗ್ರಾಹಕ ಲಾಸ್ಲೊ ಕೊವಾಚ್ ‘ಈಸಿ ರೈಡರ್’ನವರು. ಸಂಗೀತಕ್ಕೆ ಬಂದ ಎಲ್ಮರ್ ಬರ್ನ್‌ಸ್ಟೈನ್ ನಗೆಯ ಸ್ವರಗಳ ನಡುವೆ ಆಂಡ್ ಮಾರ್ಟೆನೊ ಎಂಬ ಫ್ರೆಂಚ್ ಎಲೆಕ್ಟ್ರಾನಿಕ್ ವಾದ್ಯದ ನಡುಗುವ ಧ್ವನಿಯನ್ನು ಹೆಣೆದರು. ‘ಏಲಿಯನ್’ನ ನಾಯಕಿ ಸಿಗೂರ್ನಿ ವೀವರ್ ಇಲ್ಲಿ ಡೇನಾ ಬ್ಯಾರೆಟ್. ಸೋಫಾ ಕುರ್ಚಿಯನ್ನು ಸೀಳಿಕೊಂಡು ಬಂದ ಕೈಗಳು ಅವಳನ್ನು ಹಿಡಿದು ಬೆಳಕು ಸೂಸುವ ಅಡುಗೆಮನೆಯೊಳಗೆ ಎಳೆದೊಯ್ಯುವ ದೃಶ್ಯದಲ್ಲಿ ಒಂದೇ ಒಂದು ನಗೆಮಾತಿಲ್ಲ.

ಕೊನೆಯಲ್ಲಿ ಬರುವ ದೈತ್ಯ ಮಾರ್ಷ್‌ಮ್ಯಾಲೊ ಮನುಷ್ಯನ ವಿಷಯದಲ್ಲೂ ಇದೇ ಶಿಸ್ತಿದೆ. ನಿಮ್ಮನ್ನು ನಾಶಮಾಡುವ ರೂಪವನ್ನು ನೀವೇ ಆರಿಸಿಕೊಳ್ಳಿ ಎಂದು ಗೋಜರ್ ಎಂಬ ದೇವತೆ ಹೇಳಿದಾಗ, ರೇ ತನ್ನ ಬಾಲ್ಯದ ಅತ್ಯಂತ ನಿರುಪದ್ರವಿ ನೆನಪನ್ನು, ಮೆತ್ತನೆಯ ಮಿಠಾಯಿಯ ಜಾಹೀರಾತಿನ ಗೊಂಬೆಯನ್ನು, ನೆನೆದುಬಿಡುತ್ತಾನೆ. ಈ ಕಲ್ಪಿತ ಬ್ರ್ಯಾಂಡನ್ನು ಚಿತ್ರ ಮೊದಲೇ ಬಿತ್ತಿಟ್ಟಿದೆ. ಡೇನಾಳ ಅಡುಗೆಮನೆಯಲ್ಲಿ ಮೊಟ್ಟೆಗಳು ತಾವಾಗಿ ಬೇಯುವಾಗ ಪಕ್ಕದಲ್ಲೇ ಅದರ ಪೊಟ್ಟಣವಿರುತ್ತದೆ. ಮುಂದೆ ಗೋಡೆಯ ಮೇಲಿನ ಜಾಹೀರಾತಿನಲ್ಲೂ ಆ ಮುಖ ಸುಳಿಯುತ್ತದೆ. ಫೋಮ್ ಉಡುಪು ತೊಟ್ಟ ಕಲಾವಿದ ಬಿಲ್ ಬ್ರಯಾನ್ ಪುಟ್ಟ ಮಾದರಿ ಬೀದಿಯಲ್ಲಿ ನಡೆದದ್ದನ್ನು ಚಿತ್ರೀಕರಿಸಲಾಯಿತು. ದೊಡ್ಡ ವಿಶೇಷ ಪರಿಣಾಮಗಳು ಹಾಸ್ಯವನ್ನು ಕೊಲ್ಲುತ್ತವೆಂಬ ನಿಯಮಕ್ಕೆ ಈ ಚಿತ್ರ ಅಪವಾದ ಎಂದು ವಿಮರ್ಶಕ ರೋಜರ್ ಈಬರ್ಟ್ ಆಗಲೇ ಗುರುತಿಸಿದ್ದರು.

ರೇಗನ್ ಕಾಲದ ಗುರುತುಗಳು

ವಿದ್ವಾಂಸರು ಈ ಚಿತ್ರವನ್ನು ಅಧ್ಯಕ್ಷ ರೇಗನ್ ಆಡಳಿತದ ಕನ್ನಡಿಯೆಂದು ಓದಿದ್ದಾರೆ. ವಿಶ್ವವಿದ್ಯಾಲಯ ಬಿಟ್ಟವರು ಖಾಸಗಿ ಉದ್ಯಮದಲ್ಲಿ ಗೆಲ್ಲುತ್ತಾರೆ. ಖಳನಾಗಿ ನಿಲ್ಲುವವನು ಪರಿಸರ ಸಂರಕ್ಷಣಾ ಸಂಸ್ಥೆಯ ಅಧಿಕಾರಿ ವಾಲ್ಟರ್ ಪೆಕ್. ಆದರೆ ಪೆಕ್ ಕೇಳುವ ಪ್ರಶ್ನೆ ಆ ಕಾಲದ ನಾಗರಿಕರದ್ದೂ ಆಗಿತ್ತು. 1978ರಲ್ಲಿ ನ್ಯೂಯಾರ್ಕ್ ರಾಜ್ಯದ ಲವ್ ಕೆನಾಲ್‌ನಲ್ಲಿ ಮನೆಗಳ ಕೆಳಗೆ ಹೂತಿದ್ದ ರಾಸಾಯನಿಕ ತ್ಯಾಜ್ಯ ದೇಶವನ್ನೇ ಬೆಚ್ಚಿಬೀಳಿಸಿತ್ತು. 1979ರಲ್ಲಿ ತ್ರೀ ಮೈಲ್ ಐಲೆಂಡ್ ಪರಮಾಣು ಸ್ಥಾವರದ ಅಪಘಾತ ನಡೆದಿತ್ತು. ಜನನಿಬಿಡ ಬೀದಿಯ ನೆಲಮಾಳಿಗೆಯಲ್ಲಿ ಅಪಾಯಕಾರಿ ವಸ್ತುವನ್ನು ಪರವಾನಗಿಯಿಲ್ಲದೆ ಕೂಡಿಟ್ಟವರನ್ನು ಪ್ರಶ್ನಿಸುವುದು ಅಧಿಕಾರಿಯ ಕರ್ತವ್ಯವೇ. ಪ್ರೇತಗಳ ಉಗ್ರಾಣದ ವಿದ್ಯುತ್ ಕಡಿದು ಅವನು ಅನಾಹುತ ತರುತ್ತಾನೆ ನಿಜ. ಅವನ ಆತಂಕ ಆಧಾರವಿಲ್ಲದ್ದಾಗಿರಲಿಲ್ಲ.

ಕಸುಬು ಮರೆತ ಮುಂದಿನ ಭಾಗಗಳು

ಮೂಲ ಚಿತ್ರದ ಬಲ ಎಲ್ಲಿತ್ತೆಂಬುದಕ್ಕೆ ಮುಂದಿನ ಕಂತುಗಳೇ ಸಾಕ್ಷಿ ನುಡಿಯುತ್ತವೆ. 1986ರಿಂದ 1991ರವರೆಗೆ ಪ್ರಸಾರವಾದ ‘ದಿ ರಿಯಲ್ ಘೋಸ್ಟ್‌ಬಸ್ಟರ್ಸ್’ ಕಾರ್ಟೂನ್ ಸರಣಿ ಪ್ರತಿ ವಾರವೂ ಹೊಸ ಕರೆ, ಹೊಸ ಕೆಲಸ ಎಂಬ ಚೌಕಟ್ಟನ್ನು ಉಳಿಸಿಕೊಂಡು ಮಕ್ಕಳ ತಲೆಮಾರೊಂದನ್ನು ಗೆದ್ದಿತು. 1989ರ ಎರಡನೆಯ ಭಾಗ ಕಂಪನಿ ಮುಚ್ಚಿಹೋದ ಸ್ಥಿತಿಯಿಂದ ಮತ್ತೆ ಶುರುಮಾಡಿತು. 2016ರಲ್ಲಿ ಪಾಲ್ ಫೀಗ್ ನಾಲ್ವರು ನಟಿಯರೊಂದಿಗೆ ಮಾಡಿದ ಚಿತ್ರ ತೆರೆಕಾಣುವ ಮುನ್ನವೇ ಹೆಣ್ಣುದ್ವೇಷದ ನಿಂದನೆಗೆ ಗುರಿಯಾಯಿತು. ಅದನ್ನು ಅದರ ಗುಣದೋಷಗಳ ಮೇಲೆ ನೋಡುವ ಅವಕಾಶವನ್ನೇ ಆ ಗದ್ದಲ ಕಿತ್ತುಕೊಂಡಿತು.

ರೈಟ್‌ಮನ್ ಮಗ ಜೇಸನ್ ನಿರ್ದೇಶಿಸಿದ 2021ರ ‘ಆಫ್ಟರ್‌ಲೈಫ್’ ಕಥೆಯನ್ನು ಓಕ್ಲಹೋಮಾದ ಹೊಲಗಳಿಗೆ ಒಯ್ದು, ಇಗಾನ್‌ನ ಮೊಮ್ಮಕ್ಕಳನ್ನು ನಾಯಕರನ್ನಾಗಿಸಿತು. 2014ರಲ್ಲಿ ತೀರಿಕೊಂಡ ರೇಮಿಸ್‌ಗೆ ಅದು ಸಲ್ಲಿಸಿದ ಗೌರವದಲ್ಲಿ ಪ್ರಾಮಾಣಿಕತೆಯಿದೆ. ಆದರೆ ಅಲ್ಲಿ ದೆವ್ವ ಹಿಡಿಯುವ ಪ್ರೋಟಾನ್ ಯಂತ್ರ ಅಜ್ಜ ಬಿಟ್ಟುಹೋದ ಪವಿತ್ರ ವಸ್ತು, ಹಳೆಯ ಕ್ಯಾಡಿಲಾಕ್ ಪೂಜ್ಯ ಸ್ಮಾರಕ. 1984ರಲ್ಲಿ ಅವು ಸಾಲ ಮಾಡಿ ಜೋಡಿಸಿದ, ಯಾವಾಗ ಕೈಕೊಡುತ್ತವೋ ತಿಳಿಯದ ಉಪಕರಣಗಳಾಗಿದ್ದವು. ‘ಆಫ್ಟರ್‌ಲೈಫ್’ನ ಮಕ್ಕಳು ಅವನ್ನು ಹೆಗಲಿಗೇರಿಸಿದಾಗ ಪ್ರೇಕ್ಷಕರ ಕಣ್ಣು ತುಂಬಬಹುದು, ಆದರೆ ಅಲ್ಲಿ ಬಿಲ್ ಪಾವತಿಸುವ ಗಿರಾಕಿಯಿಲ್ಲ, ಮನೆಯ ಮೇಲೆ ಶೇ. 19ರ ಸಾಲವೂ ಇಲ್ಲ. ಮೊದಲ ಚಿತ್ರದ ನಗುವಿಗೆ ಆಧಾರವಾಗಿದ್ದದ್ದು ಆ ಎರಡೇ.