ಡಿಮ್ ಮತ್ತು ಡಿಪ್

ಕಳೆದ ವರ್ಷ ಒಂದು ಕಾರಿನ ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೆ. ಎದುರಿನಿಂದ ವಾಹನ ಬಂದಾಗ ಹೆಡ್‌ಲೈಟನ್ನು ‘ಡಿಪ್’ ಮಾಡಬೇಕು ಎಂಬ ವಾಕ್ಯದ ಮುಂದೆ ಪೆನ್ನು ನಿಂತಿತು. ನಮ್ಮಲ್ಲಿ ಹೆಚ್ಚಿನವರು ಹೇಳುವುದು ‘ಡಿಮ್ ಮಾಡು’ ಎಂದು. ಡಿಮ್ ಎಂದರೆ ಬೆಳಕನ್ನು ಮಂಕು ಮಾಡುವುದು, ಡಿಪ್ ಎಂದರೆ ಬೆಳಕನ್ನು ಕೆಳಕ್ಕೆ ಬಾಗಿಸುವುದು. ಗಡುವು ಹತ್ತಿರವಿತ್ತು, ‘ಡಿಮ್ ಮಾಡಿ’ ಎಂದೇ ಬರೆದು ಕಳಿಸಿದೆ. ಈ ಎರಡರ ನಡುವಿನ ಅಂತರ ಎಷ್ಟೆಂದು ಗೊತ್ತಾದದ್ದು ನನ್ನ ಕಾರಿಗೇ ಹೊಸ ಬಲ್ಬು ಹಾಕಿಸಿದ ಮೇಲೆ.

ಹೈದರಾಬಾದಿನಿಂದ ಬೀದರಿಗೆ ಆಗಾಗ ಹೋಗುತ್ತಿರುತ್ತೇನೆ. ಜಹೀರಾಬಾದಿನಲ್ಲಿ ಹೆದ್ದಾರಿ ಬಿಟ್ಟು ಬೀದರಿನ ಕಡೆ ತಿರುಗಿದರೆ ಕತ್ತಲು. ನನ್ನ ಹಳೇ ಕಾರಿನ ಹ್ಯಾಲೊಜೆನ್ ದೀಪ ಸಾಲುತ್ತಿಲ್ಲ ಎನಿಸಿ, ಪರಿಚಯದವರು ಹೇಳಿದ ಅಂಗಡಿಯಲ್ಲಿ ಎಲ್‌ಇಡಿ ಬಲ್ಬು ಹಾಕಿಸಿಕೊಂಡೆ. ಹಳೆಯದನ್ನು ತೆಗೆದು ಅದೇ ಜಾಗಕ್ಕೆ ಹೊಸದು, ಹತ್ತೇ ನಿಮಿಷದ ಕೆಲಸ. ಆ ರಾತ್ರಿ ರಸ್ತೆ ಹಾಲು ಚೆಲ್ಲಿದಂತೆ ಕಂಡಿತು. ಆದರೆ ಎದುರು ಬಂದ ಲಾರಿಗಳೆಲ್ಲ ನನ್ನತ್ತ ದೀಪ ಮಿಟುಕಿಸಿದವು. ನಾನು ಡಿಮ್‌ನಲ್ಲೇ ಇದ್ದೆ. ಒಬ್ಬ ಬೈಕಿನವನು ಕಣ್ಣಿಗೆ ಕೈ ಅಡ್ಡ ಹಿಡಿದು ರಸ್ತೆಯಂಚಿನ ಮಣ್ಣಿಗೆ ಇಳಿದುಬಿಟ್ಟ. ಅವನ ಹಿಂದೆ ಮಗುವನ್ನು ಎತ್ತಿಕೊಂಡ ಹೆಂಗಸು. ಪುಣ್ಯಕ್ಕೆ ಬೀಳಲಿಲ್ಲ. ಪಕ್ಕದಲ್ಲಿದ್ದ ಕಾಕಾ ಮೂವತ್ತು ವರ್ಷ ಲಾರಿ ಓಡಿಸಿದವರು. ಇಷ್ಟೇ ಅಂದರು: “ನಿನಗ ಛಂದ ಕಾಣ್ಲತ್ತದ ಖರೆ. ಎದುರು ಬರಾವನಿಗಿ?”

ಹೆಡ್‌ಲೈಟಿನ ಇತಿಹಾಸ ಓದಲು ಕೂತಾಗ ಅದರ ತುಂಬ ಇದೇ ಪ್ರಶ್ನೆ ಸಿಕ್ಕಿತು.

ಈ ಸೀಮೆಯ ಎತ್ತಿನ ಬಂಡಿಗಳಲ್ಲಿ ತೂಗುತ್ತಿದ್ದದ್ದು ಕಂದೀಲು. ಲ್ಯಾಟಿನ್ನಿನ ‘ಕಂದೇಲಾ’ ಅರಬ್ಬಿಯಲ್ಲಿ ‘ಕಿಂದೀಲ್’ ಆಗಿ, ಅಲ್ಲಿಂದ ಸುತ್ತಿ ಬಳಸಿ ನಮ್ಮ ಕಡೆಯ ಕನ್ನಡಕ್ಕೆ ಬಂದ ಪದ. ಇಂಗ್ಲಿಷಿನ ‘ಕ್ಯಾಂಡಲ್’ ಅದೇ ಬಳಗದ್ದು. ಕಂದೀಲು ದಾರಿ ತೋರಿಸುವುದಕ್ಕಿಂತ ‘ಬಂಡಿ ಇಲ್ಲಿದೆ’ ಎಂದು ಸಾರುವುದೇ ಹೆಚ್ಚು. ಎತ್ತಿನ ನಡಿಗೆಗೆ ಅಷ್ಟು ಸಾಕು, ಮೋಟಾರಿನ ಓಟಕ್ಕೆ ಸಾಲದು. ಮೊದಲ ಕಾರುಗಳು ಇದಕ್ಕೆ ಕಾರ್ಬೈಡ್ ದೀಪದ ಮೊರೆ ಹೋದವು. ಮಾವು ಹಣ್ಣು ಮಾಡಲು ಕದ್ದುಮುಚ್ಚಿ ಬಳಸುವ ಅದೇ ಕಾರ್ಬೈಡಿನ ಮೇಲೆ ನೀರು ತೊಟ್ಟಿಕ್ಕಿದರೆ ಅಸಿಟಿಲೀನ್ ಅನಿಲ ಏಳುತ್ತದೆ. ಅದು ಉರಿದರೆ ಕೋರೈಸುವ ಬಿಳಿ ಬೆಳಕು. 1912ರ ಕ್ಯಾಡಿಲಾಕ್ ಕಾರಿನಲ್ಲಿ ಸೆಲ್ಫ್ ಸ್ಟಾರ್ಟರಿನ ಜೊತೆಗೇ ವಿದ್ಯುತ್ ದೀಪಗಳೂ ಬಂದವು.

ಬೆಳಕು ಹೆಚ್ಚಿತು, ಕಣ್ಣು ಕುಕ್ಕುವ ತೊಂದರೆಯೂ ಜೊತೆಗೆ ಬಂತು. ಇದಕ್ಕೆ ಕಂಡುಕೊಂಡ ಮೊದಲ ಉಪಾಯಗಳಲ್ಲೊಂದು ನಿಜಕ್ಕೂ ‘ಡಿಮ್’: ದೀಪಕ್ಕೆ ಹೋಗುವ ವಿದ್ಯುತ್ತಿಗೆ ರೆಸಿಸ್ಟರ್ ಅಡ್ಡ ಹಾಕಿ ಬೆಳಕನ್ನು ಮಂಕಾಗಿಸುವುದು. ಎದುರಿನವನ ಕಣ್ಣು ಉಳಿಯಿತು, ಓಡಿಸುವವನಿಗೇ ರಸ್ತೆ ಕಾಣದಾಯಿತು.

ಮುಂದಿನ ಹೆಜ್ಜೆ ‘ಡಿಪ್’. ಹೈದರಾಬಾದಿನ ಚೌಮಹಲ್ಲಾ ಅರಮನೆಗೆ ಹೋದವರು ಅಲ್ಲಿರುವ ಹಳದಿ ರೋಲ್ಸ್‌ರಾಯ್ಸನ್ನು ನೋಡಿರುತ್ತೀರಿ. ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ಕಾಲದಲ್ಲಿ ಆರ್ಡರ್ ಆಗಿ, ಏಳನೆಯ ನಿಜಾಮರ ಕಾಲಕ್ಕೆ ಬಂದ 1912ರ ಕಾರು ಅದು. ಅದರ ಮೈ ಕಟ್ಟಿದ್ದು ಲಂಡನ್ನಿನ ಬಾರ್ಕರ್ ಕಂಪನಿ. ಇದೇ ಬಾರ್ಕರ್ 1920ರ ದಶಕದಲ್ಲಿ ತಲೆ ಬಾಗಿಸುವ ಹೆಡ್‌ಲೈಟಿಗೆ ಹೆಸರಾಯಿತು. ಚಾಲಕ ಸನ್ನೆಗೋಲು ಎಳೆದರೆ ದೀಪಗಳೇ ಕೆಳಕ್ಕೆ ವಾಲುತ್ತಿದ್ದವು. ಬೆಳಕು ಕಡಿಮೆಯಾಗುತ್ತಿರಲಿಲ್ಲ, ಬೀಳುವ ಜಾಗ ಬದಲಾಗುತ್ತಿತ್ತು. ನಮ್ಮ ಲಾರಿಗಳ ಹಿಂದೆ ‘ಯೂಸ್ ಡಿಪ್ಪರ್ ಅಟ್ ನೈಟ್’ ಎಂದು ಬರೆದಿರುತ್ತದಲ್ಲ, ಆ ಡಿಪ್ಪರಿನ ಹಿಂದಿರುವುದು ಇದೇ ಬಾಗುವಿಕೆ.

1932ರಲ್ಲಿ ನಿಜಾಂ ಸ್ಟೇಟ್ ರೈಲ್ವೆ 27 ಬಸ್ಸುಗಳೊಂದಿಗೆ ರಸ್ತೆ ಸಾರಿಗೆ ಶುರು ಮಾಡಿತು. ಬೀದರ್, ಗುಲಬರ್ಗಾ, ರಾಯಚೂರು ಆಗ ಇದೇ ಸಂಸ್ಥಾನದ ಜಿಲ್ಲೆಗಳು. 1956ರಲ್ಲಿ ಅವು ಮೈಸೂರು ರಾಜ್ಯ ಸೇರಿದವು. ಬಸ್ಸು, ಬಂಡಿ, ಕಾಲ್ನಡಿಗೆಯವರು ಎಲ್ಲರಿಗೂ ರಸ್ತೆ ಒಂದೇ. ಹೆಡ್‌ಲೈಟಿನ ಮೇಲರ್ಧಕ್ಕೆ ಕಪ್ಪು ಬಣ್ಣ ಬಳಿದ ಲಾರಿಗಳನ್ನು ನಮ್ಮ ಹಿರಿಯರೆಲ್ಲ ಕಂಡಿದ್ದಾರೆ. ಅದೂ ಕುಂಚದಲ್ಲಿ ಮಾಡಿದ ಒಂದು ಬಗೆಯ ಡಿಪ್ಪೇ.

ಅಷ್ಟರಲ್ಲಿ ಯುರೋಪು ಬಾಗುವ ಕೆಲಸವನ್ನು ಬಲ್ಬಿನೊಳಗೇ ತಂದಿತ್ತು. 1920ರ ದಶಕದ ಬೈಲಕ್ಸ್ ಬಲ್ಬಿನಲ್ಲಿ ಎರಡು ತಂತಿಗಳಿದ್ದವು, ದೂರಕ್ಕೊಂದು, ಹತ್ತಿರಕ್ಕೊಂದು. ಹತ್ತಿರದ ತಂತಿಯ ಕೆಳಗೆ ಬಟ್ಟಲಿನಂಥ ಪುಟ್ಟ ತಗಡು. ಅದು ಬೆಳಕನ್ನು ಪ್ರತಿಫಲಕದ ಕೆಳಭಾಗಕ್ಕೆ ಹೋಗದಂತೆ ತಡೆಯುತ್ತದೆ. ಮೇಲ್ಭಾಗಕ್ಕೆ ಬಿದ್ದ ಬೆಳಕು ಮಾತ್ರ ಕೆಳಮುಖವಾಗಿ ರಸ್ತೆಗೆ ಬರುತ್ತದೆ. 1971ರಲ್ಲಿ ಬಂದ ಎಚ್4 ಹ್ಯಾಲೊಜೆನ್ ಬಲ್ಬು ಇದೇ ಸೂತ್ರದ್ದು: ಹೈ ಬೀಮಿಗೆ 60 ವ್ಯಾಟ್, ಲೋ ಬೀಮಿಗೆ 55. ಇಂದಿಗೂ ನಮ್ಮ ಎಷ್ಟೋ ಕಾರುಗಳಲ್ಲಿ ಇರುವುದು ಅದೇ.

ನನ್ನ ತಪ್ಪು ಎಲ್ಲಿತ್ತೆಂದು ಈಗ ತಿಳಿಯಿತು. ನನ್ನ ಕಾರಿನ ಪ್ರತಿಫಲಕವನ್ನು ರೂಪಿಸಿದ್ದು ಆ ತಂತಿ ಇರುವ ಜಾಗವನ್ನು ಲೆಕ್ಕ ಹಾಕಿ. ನಾನು ಹಾಕಿಸಿದ ಎಲ್‌ಇಡಿಯ ಬೆಳಕಿನ ಚುಕ್ಕಿಗಳು ಆ ಜಾಗದಲ್ಲಿರಲಿಲ್ಲ. ಬೆಳಕು ಹೆಚ್ಚಿತ್ತು, ಆದರೆ ಗುರಿ ತಪ್ಪಿ ಮೇಲಕ್ಕೂ ಚೆದುರುತ್ತಿತ್ತು. ಕಾರ್ಖಾನೆಯಿಂದಲೇ ಎಲ್‌ಇಡಿಯೊಂದಿಗೆ ಬರುವ ಕಾರಿನ ಮಾತು ಬೇರೆ, ಅಲ್ಲಿ ಇಡೀ ದೀಪವನ್ನು ಅದಕ್ಕೆಂದೇ ಕಟ್ಟಿರುತ್ತಾರೆ.

ಕೇಂದ್ರ ಮೋಟಾರು ವಾಹನ ನಿಯಮಗಳು, 1989 ಇವುಗಳಲ್ಲಿ 106ನೇ ನಿಯಮ ಕಾಕಾನ ಪ್ರಶ್ನೆಯನ್ನೇ ಅಳತೆ ಹಾಕಿ ಕೇಳುತ್ತದೆ. ದೀಪದಿಂದ 8 ಮೀಟರ್ ಮುಂದೆ, ವಾಹನದ ಬಲ ಅಂಚಿನಿಂದ ಅರ್ಧ ಮೀಟರ್ ಬಲಕ್ಕೆ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಒಂದು ಕಣ್ಣಿದೆ ಎಂದುಕೊಳ್ಳಿ. ದೀಪ ಆ ಕಣ್ಣನ್ನು ಕುಕ್ಕಬಾರದು.

ಎಲ್‌ಇಡಿ ತೆಗೆಸಿದೆ. ಹೊಸ ಹ್ಯಾಲೊಜೆನ್ ಹಾಕಿಸಿ, ಹಳದಿಗಟ್ಟಿದ್ದ ಹೆಡ್‌ಲೈಟ್ ಕವಚಕ್ಕೆ ಪಾಲಿಶ್ ಮಾಡಿಸಿದೆ. ಎಲೆಕ್ಟ್ರಿಶಿಯನ್ ಮೀಟರ್ ಹಿಡಿದು ನೋಡಿದರೆ ಬಲ್ಬಿಗೆ ಪೂರಾ ವೋಲ್ಟೇಜೇ ತಲುಪುತ್ತಿರಲಿಲ್ಲ. ಹ್ಯಾಲೊಜೆನ್‌ಗೆ ವೋಲ್ಟೇಜು ಶೇ. 10ರಷ್ಟು ಕುಸಿದರೆ ಬೆಳಕು ಸುಮಾರು ಶೇ. 30ರಷ್ಟು ಕುಸಿಯುತ್ತದೆ. ಸವೆದ ಕನೆಕ್ಟರ್ ಬದಲಿಸಿ, ಗೋಡೆಯ ಮೇಲೆ ಬೆಳಕು ಬಿಟ್ಟು ದೀಪದ ಎತ್ತರ ಸರಿಪಡಿಸಿದರು. ಆ ಸಂಜೆ ಕಾಕಾ 8 ಮೀಟರ್ ಟೇಪು ಹಿಡಿದು ಅಳೆದು, ಕಾರಿನ ಮುಂದೆ ಬಲಕ್ಕೆ ಸರಿದು, ಕಣ್ಣು ಆ ಎತ್ತರಕ್ಕೆ ಬರುವಂತೆ ತುಸು ಬಗ್ಗಿ ನಿಂತರು. “ಹ್ಞಾಂ, ಈಗ ಖರೆ ಅದ” ಅಂದರು.

ಬೀದರಿನ ರಸ್ತೆ ಈಗ ಹಾಲು ಚೆಲ್ಲಿದಂತೆ ಕಾಣುವುದಿಲ್ಲ. ಕಾಣಬೇಕಾದ್ದು ಕಾಣುತ್ತದೆ.

ಕೈಪಿಡಿಯ ಪರಿಷ್ಕರಣೆಗೆ ಕರೆ ಬಂದಾಗ ಆ ವಾಕ್ಯವನ್ನು ತಿದ್ದಿದೆ. ಬೆಲೆ ತಗ್ಗಿಸುತ್ತೇವೆ, ತಲೆಯನ್ನೂ ತಗ್ಗಿಸುತ್ತೇವೆ. ಕಡಿಮೆ ಮಾಡುವುದು, ಬಾಗಿಸುವುದು ಎರಡಕ್ಕೂ ನಮ್ಮಲ್ಲಿ ಒಂದೇ ಮಾತು. ಹಾಗಾಗಿ ಅನುಮಾನಕ್ಕೆ ಎಡೆಯಿಲ್ಲದಂತೆ ಬರೆದೆ: ‘ಎದುರು ವಾಹನ ಬಂದಾಗ ಬೆಳಕನ್ನು ರಸ್ತೆಯ ಕಡೆಗೆ ತಗ್ಗಿಸಿ.’