ಲಕ್ಷದ್ವೀಪಕ್ಕೆ ಹಡಗಿನಲ್ಲಿ: ಮಕ್ಕಳೊಡನೆ ಹೊರಡುವ ಕುಟುಂಬದ ಪೂರ್ವಸಿದ್ಧತೆ

ಮಂಜೇಶ್ವರದಿಂದ ಕಾಸರಗೋಡಿನವರೆಗಿನ ನಮ್ಮ ಕನ್ನಡ ಶಾಲೆಗಳ ಮಕ್ಕಳಲ್ಲಿ ಅನೇಕರು ದಿನವೂ ಕಡಲನ್ನು ಕಾಣುತ್ತಾರೆ. ಹಡಗು ಹತ್ತಿದವರು ಮಾತ್ರ ವಿರಳ. ಹಡಗಿನ ಪ್ರವಾಸವೆಂದರೆ ಸಿರಿವಂತರ ವಿಲಾಸವೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಆದರೆ ಕೊಚ್ಚಿಯಿಂದ ಲಕ್ಷದ್ವೀಪಕ್ಕೆ ಹೋಗುವ ಸರಕಾರಿ ಪ್ರಯಾಣಿಕ ಹಡಗುಗಳು ಮೂಲತಃ ದ್ವೀಪವಾಸಿಗಳ ನಿತ್ಯದ ಓಡಾಟಕ್ಕಾಗಿ ಇರುವವು. ಅವುಗಳಲ್ಲಿಯೇ ಪ್ರವಾಸಿಗಳಿಗೂ ಸ್ಥಾನವುಂಟು. ಈ ಯಾನವನ್ನು ಯೋಜಿಸುವ ಹೆತ್ತವರಿಗೆ ಅಗತ್ಯವಾದ ಮಾಹಿತಿಯನ್ನು ಇಲ್ಲಿ ಕ್ರಮವಾಗಿ ಕೊಡಲಾಗಿದೆ.

ನಮಗೂ ದ್ವೀಪಗಳಿಗೂ ಇರುವ ನಂಟು

ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್ ಮತ್ತು ಬಿತ್ರ ಎಂಬ ಉತ್ತರದ ದ್ವೀಪಗಳಿಗೆ ಅಮಿನ್‌ದಿವಿ ಎಂದು ಹೆಸರು. 1787ರಲ್ಲಿ ಇವು ಟಿಪ್ಪು ಸುಲ್ತಾನನ ಅಧೀನಕ್ಕೆ ಬಂದವು. 1799ರಲ್ಲಿ ಅವನ ಪತನದ ತರುವಾಯ ಈಸ್ಟ್ ಇಂಡಿಯಾ ಕಂಪೆನಿಯ ವಶವಾಗಿ, ಮಂಗಳೂರನ್ನು ಕೇಂದ್ರವಾಗಿ ಉಳ್ಳ ಕೆನರಾ ಆಡಳಿತಕ್ಕೆ ಸೇರಿದವು. ದ್ವೀಪದ ತೆಂಗಿನ ನಾರು ಮಂಗಳೂರಿಗೆ ಬರುತ್ತಿತ್ತು. ಬದಲಿಗೆ ಅಕ್ಕಿ ಹೋಗುತ್ತಿತ್ತು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ದಕ್ಷಿಣ ಕನ್ನಡದಿಂದ ಕಾಸರಗೋಡು ತಾಲೂಕು ಕೇರಳಕ್ಕೆ ಹೋಯಿತು. ಅದೇ ದಿನ ಅದೇ ಜಿಲ್ಲೆಯಿಂದ ಅಮಿನ್‌ದಿವಿ ದ್ವೀಪಗಳು ಹೊಸ ಕೇಂದ್ರಾಡಳಿತ ಪ್ರದೇಶದ ಪಾಲಾದವು. ಆ ಪ್ರದೇಶಕ್ಕೆ ಲಕ್ಷದ್ವೀಪವೆಂಬ ಹೆಸರು ಬಂದದ್ದು 1973ರಲ್ಲಿ. ನಮ್ಮ ಊರಿನ ಭಾಗ್ಯವನ್ನು ನಿರ್ಧರಿಸಿದ ದಿನವೇ ಆ ದ್ವೀಪಗಳ ಭಾಗ್ಯವನ್ನೂ ನಿರ್ಧರಿಸಿತೆಂಬುದನ್ನು ಮಕ್ಕಳಿಗೆ ಹಡಗು ಹತ್ತುವ ಮೊದಲೇ ಹೇಳಿಕೊಡಬೇಕು.

ಕಾಲ ಮತ್ತು ದೂರ

ಕೊಚ್ಚಿಯಿಂದ ದ್ವೀಪಗಳಿಗೆ ಸುಮಾರು 220ರಿಂದ 440 ಕಿಲೋಮೀಟರ್ ದೂರ. ಯಾವ ದ್ವೀಪವೆಂಬುದನ್ನು ಅನುಸರಿಸಿ ಹಡಗಿಗೆ 14ರಿಂದ 18 ತಾಸು ಹಿಡಿಯುತ್ತದೆ. ಅಕ್ಟೋಬರ್‌ನಿಂದ ಮೇ ತಿಂಗಳ ನಡುವಿನವರೆಗೆ ಪ್ರವಾಸಕ್ಕೆ ಅನುಕೂಲ; ಮಳೆಗಾಲದಲ್ಲಿ ಕಡಲು ಒರಟಾಗಿರುತ್ತದೆ. ಶಾಲೆಯ ಲೆಕ್ಕದಲ್ಲಿ ನೋಡಿದರೆ ಓಣಂ ರಜೆ ಇದಕ್ಕೆ ಹೊಂದುವುದಿಲ್ಲ. ಕ್ರಿಸ್‌ಮಸ್ ರಜೆ ಮತ್ತು ಬೇಸಗೆ ರಜೆಯ ಮೊದಲ ಭಾಗ ಸೂಕ್ತ. ಈ ಎರಡು ಕಾಲಗಳಲ್ಲಿಯೇ ಜನಸಂದಣಿ ಹೆಚ್ಚಾದುದರಿಂದ ಕೆಲವು ತಿಂಗಳು ಮೊದಲೇ ಸಿದ್ಧತೆ ಆರಂಭವಾಗಬೇಕು.

ದ್ವೀಪಾಡಳಿತದ ಪ್ರವಾಸೋದ್ಯಮ ಸಂಸ್ಥೆಯಾದ ‘ಸ್ಪೋರ್ಟ್ಸ್’ ನಡೆಸುವ ‘ಸಮುದ್ರಂ’ ಎಂಬ ಐದು ದಿನಗಳ ಪ್ಯಾಕೇಜು ಕುಟುಂಬಗಳಿಗೆ ಹೊಂದುವಂಥದ್ದು. ಎಂ.ವಿ. ಕವರತ್ತಿ ಹಡಗಿನಲ್ಲಿ ರಾತ್ರಿ ಪ್ರಯಾಣ ಮತ್ತು ನಿದ್ದೆ. ಹಗಲಿನಲ್ಲಿ ಕವರತ್ತಿ, ಕಲ್ಪೇನಿ, ಮಿನಿಕಾಯ್ ದ್ವೀಪಗಳ ದರ್ಶನ. ಎರಡು ಹಾಸಿಗೆಯ ಡೈಮಂಡ್ ಹಾಗೂ ನಾಲ್ಕು ಹಾಸಿಗೆಯ ಗೋಲ್ಡ್ ಎಂಬ ಎರಡು ಬಗೆಯ ಕೋಣೆಗಳಿವೆ. ಇಬ್ಬರು ಮಕ್ಕಳಿರುವ ಕುಟುಂಬಕ್ಕೆ ನಾಲ್ಕು ಹಾಸಿಗೆಯ ಕೋಣೆ ಸಾಕು. ಮುಂಗಡ ಹಣ ಕಟ್ಟುವ ಮೊದಲು ಆ ಋತುವಿನ ವೇಳಾಪಟ್ಟಿಯನ್ನೂ, ಹಡಗು ರದ್ದಾದರೆ ಹಣ ಮರಳುವ ನಿಯಮವನ್ನೂ ಬರವಣಿಗೆಯಲ್ಲಿ ಪಡೆಯಿರಿ.

ಪ್ರವೇಶಾನುಮತಿ ಮತ್ತು ಹೆಸರಿನ ತೊಡಕು

ಲಕ್ಷದ್ವೀಪ ನಮ್ಮ ದೇಶದ್ದೇ ಆದರೂ, 1967ರ ನಿಯಮಗಳ ಪ್ರಕಾರ ದ್ವೀಪದವರಲ್ಲದ ಪ್ರಜೆಗಳು ಪ್ರವೇಶಾನುಮತಿ ಪಡೆಯಬೇಕು. ಅರ್ಜಿಯನ್ನು ಅಂತರ್ಜಾಲದಲ್ಲಿ ಸಲ್ಲಿಸಬಹುದು. ಪ್ಯಾಕೇಜಿನಲ್ಲಿ ಹೋಗುವವರಿಗೆ ಸಂಘಟಕರೇ ಅದನ್ನು ಮಾಡಿಸಿಕೊಡುವುದು ರೂಢಿ. ಪ್ರತಿಯೊಬ್ಬರ ಗುರುತುಚೀಟಿ ಮತ್ತು ಭಾವಚಿತ್ರ ಬೇಕು, ಮಕ್ಕಳದ್ದೂ ಬೇಕು.

ನಮ್ಮವರು ಮುಗ್ಗರಿಸುವುದು ಇಲ್ಲಿಯೇ. ಗಡಿನಾಡಿನ ಕನ್ನಡಿಗರ ಹೆಸರು ಮೂರು ಭಾಷೆಗಳಲ್ಲಿ ಮೂರು ರೂಪ ತಾಳುತ್ತದೆ. ಶಾಲಾ ದಾಖಲೆಯಲ್ಲಿ ‘ಶಂಕರ’ನಾದವನು ಮಲಯಾಳದ ಮೂಲಕ ಬಂದ ದಾಖಲೆಯಲ್ಲಿ ‘ಶಂಕರನ್’ ಆಗುತ್ತಾನೆ. ಒಂದು ಕಡೆ ‘ಮಂಜೇಶ್ವರ’ ಎಂದಿದ್ದರೆ ಇನ್ನೊಂದು ಕಡೆ ‘ಮಂಜೇಶ್ವರಂ’. ಒಂದರಲ್ಲಿ ‘ಕುಂಬಳೆ’, ಮತ್ತೊಂದರಲ್ಲಿ ‘ಕುಂಬ್ಳಾ’. ತಂದೆಯ ಹೆಸರಿನ ಮೊದಲಕ್ಷರ ಒಮ್ಮೆ ಹಿಂದೆ, ಒಮ್ಮೆ ಮುಂದೆ. ನನ್ನ ತರಗತಿಯ ಹುಡುಗಿಯೊಬ್ಬಳ ಕುಟುಂಬ ಕೆಲವು ವರ್ಷಗಳ ಹಿಂದೆ ಇಂಥ ಪ್ರವಾಸಕ್ಕೆ ಹೊರಟಿತ್ತು. ಜನನ ಪ್ರಮಾಣಪತ್ರ ಮತ್ತು ಆಧಾರ್ ಕಾರ್ಡುಗಳಲ್ಲಿ ಆಕೆಯ ಹೆಸರು ಬೇರೆಬೇರೆಯಾಗಿತ್ತು. ತಿದ್ದುಪಡಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುವಷ್ಟರಲ್ಲಿ ರಜೆ ಮುಗಿದು ಪ್ರವಾಸವೇ ತಪ್ಪಿತು. ತಪ್ಪು ಆ ಮಗುವಿನದಲ್ಲ. ಅವಳ ಭಾಷೆಯ ಹೆಸರನ್ನು ಇನ್ನೊಂದು ಭಾಷೆಯ ಕಿವಿಯಿಂದ ಕೇಳಿ ಬರೆದವರದು.

ಆದುದರಿಂದ ಹೀಗೆ ಮಾಡಿ:

- ಪ್ರತಿಯೊಬ್ಬರ ಆಧಾರ್, ಜನನ ಪ್ರಮಾಣಪತ್ರ, ಶಾಲಾ ದಾಖಲೆಗಳನ್ನು ಒಟ್ಟಿಗಿಟ್ಟು ಹೆಸರು, ಹುಟ್ಟಿದ ದಿನಾಂಕಗಳನ್ನು ಅಕ್ಷರ ಅಕ್ಷರವಾಗಿ ಹೋಲಿಸಿ ನೋಡಿ.
- ವ್ಯತ್ಯಾಸ ಕಂಡರೆ ಪ್ರವಾಸಕ್ಕೆ ಕನಿಷ್ಠ ಮೂರು ತಿಂಗಳು ಮೊದಲು ತಿದ್ದುಪಡಿಗೆ ಅರ್ಜಿ ಕೊಡಿ. ಈ ಕೆಲಸ ಮುಂದೆ ಹತ್ತನೆಯ ತರಗತಿಯ ಪ್ರಮಾಣಪತ್ರಕ್ಕೂ, ವಿದ್ಯಾರ್ಥಿವೇತನಕ್ಕೂ ಉಪಕಾರವಾಗುತ್ತದೆ.
- ಅರ್ಜಿ, ಟಿಕೇಟು, ಗುರುತುಚೀಟಿ ಮೂರರಲ್ಲಿಯೂ ಇಂಗ್ಲಿಷಿನ ಒಂದೇ ಕಾಗುಣಿತವಿರಲಿ.
- ಅನುಮತಿಪತ್ರದ ಎರಡು ಪ್ರತಿಗಳನ್ನು ಬೇರೆಬೇರೆ ಚೀಲಗಳಲ್ಲಿ ಇಡಿ.

ಕೊಚ್ಚಿಯವರೆಗೆ

ಕಾಸರಗೋಡಿನಿಂದ ಎರ್ನಾಕುಳಕ್ಕೆ ಮಾವೇಲಿ, ಮಲಬಾರ್ ಮೊದಲಾದ ರಾತ್ರಿಯ ರೈಲುಗಳಿವೆ. ಹಡಗು ಹೊರಡುವ ದಿನವೇ ಬೆಳಗ್ಗೆ ತಲಪುವಂತೆ ಯೋಜಿಸಬೇಡಿ. ರೈಲು ತಡವಾಗಬಹುದು, ಹಡಗು ಯಾರಿಗೂ ಕಾಯುವುದಿಲ್ಲ. ಒಂದು ದಿನ ಮುಂಚಿತವಾಗಿ ಹೋಗಿ ತಂಗುವುದು ಕ್ಷೇಮ. ಹಡಗು ಹತ್ತುವ ಸ್ಥಳ ವಿಲ್ಲಿಂಗ್ಡನ್ ದ್ವೀಪ. 1920ರ ದಶಕದ ನಂತರ ರಾಬರ್ಟ್ ಬ್ರಿಸ್ಟೋ ಎಂಬ ಎಂಜಿನಿಯರನ ನೇತೃತ್ವದಲ್ಲಿ ಬಂದರನ್ನು ಆಳಗೊಳಿಸಿದಾಗ ಮೇಲೆತ್ತಿದ ಹೂಳಿನಿಂದ ನಿರ್ಮಿಸಿದ ನೆಲವದು. ಹಡಗು ಹತ್ತುವ ಮೊದಲು ವಿಮಾನನಿಲ್ದಾಣದಂತೆಯೇ ತಪಾಸಣೆಯಿರುತ್ತದೆ. ಹೇಳಿದ ಸಮಯಕ್ಕಿಂತ ಮುಂಚಿತವಾಗಿಯೇ ಅಲ್ಲಿರಿ.

ಗಂಟುಮೂಟೆ

ಹಡಗಿನ ಕೋಣೆ ಚಿಕ್ಕದು, ಮೆಟ್ಟಿಲು ಕಡಿದು. ದೊಡ್ಡ ಪೆಟ್ಟಿಗೆಗಿಂತ ಹೆಗಲಿಗೆ ಹಾಕುವ ಚೀಲ ಲೇಸು. ಇವು ಅವಶ್ಯ:

- ಹಗುರವಾದ ಹತ್ತಿಯ ಬಟ್ಟೆ, ಬೇಗ ಒಣಗುವ ಒಂದು ಜೊತೆ ಹೆಚ್ಚುವರಿ ಉಡುಪು, ಏಸಿ ಕೋಣೆಗೆ ತೆಳು ಹೊದಿಕೆ.
- ಅಂಚುಳ್ಳ ಟೊಪ್ಪಿ. ಹವಳದ ಬಿಳಿ ಮರಳಿನ ಮೇಲೆ ಬಿಸಿಲು ಎರಡರಷ್ಟಾಗಿ ಹೊಡೆಯುತ್ತದೆ.
- ಹಿಂಬದಿಯಲ್ಲಿ ಪಟ್ಟಿಯಿರುವ ಚಪ್ಪಲಿ. ಹವಳದ ಚೂರುಗಳು ಬರಿಗಾಲನ್ನು ಕೊಯ್ಯುತ್ತವೆ.
- ದಿನವೂ ತೆಗೆದುಕೊಳ್ಳುವ ಔಷಧಿ, ವೈದ್ಯರ ಚೀಟಿಯೊಡನೆ, ಕೈಚೀಲದಲ್ಲಿ.
- ಮೊಬೈಲು ಮತ್ತು ಕಾಗದಪತ್ರಗಳಿಗೆ ನೀರು ಹೊಗದ ಚೀಲ.
- ಸಾಕಷ್ಟು ನಗದು ಹಣ.
- ಮತ್ತೆ ಮತ್ತೆ ತುಂಬಿಸಬಹುದಾದ ನೀರಿನ ಬಾಟಲಿ.

ಕೊಚ್ಚಿಯಿಂದ ದ್ವೀಪಗಳಿಗೆ ಕಡಲಡಿಯ ಕೇಬಲ್ 2024ರ ಜನವರಿಯಲ್ಲಿ ಉದ್ಘಾಟನೆಯಾದುದರಿಂದ ಅಲ್ಲಿನ ಸಂಪರ್ಕ ಸುಧಾರಿಸಿದೆ. ನಡುಗಡಲಿನಲ್ಲಿ ಮಾತ್ರ ಫೋನು ದೊರೆಯದು. ಈ ಸಂಗತಿಯನ್ನು ಊರಿನಲ್ಲಿ ಉಳಿದ ಅಜ್ಜ ಅಜ್ಜಿಯರಿಗೆ ಮೊದಲೇ ತಿಳಿಸಿರಿ. ಇಲ್ಲವಾದರೆ ಅವರು ರಾತ್ರಿಯಿಡೀ ಕಂಗಾಲಾಗುವರು.

ಕಡಲಿನ ತಲೆಸುತ್ತು

ಹಡಗು ಓಲಾಡುವುದನ್ನು ಒಳಕಿವಿ ಗ್ರಹಿಸುತ್ತದೆ. ಕೋಣೆಯೊಳಗಿನ ಗೋಡೆಯನ್ನು ನೋಡುತ್ತಿರುವ ಕಣ್ಣು ‘ಎಲ್ಲವೂ ನಿಶ್ಚಲ’ ಎನ್ನುತ್ತದೆ. ಈ ಎರಡು ಸಂದೇಶಗಳ ವಿರೋಧವೇ ಓಕರಿಕೆಗೆ ಮೂಲ. ಪರಿಹಾರವೂ ಇದರಲ್ಲಿಯೇ ಇದೆ: ಹೊರಗೆ ಬಂದು ದಿಗಂತವನ್ನು ದಿಟ್ಟಿಸಿದರೆ ಕಣ್ಣು ಮತ್ತು ಕಿವಿ ಒಂದೇ ಮಾತನ್ನಾಡುತ್ತವೆ. ಹಡಗಿನ ನಡುಭಾಗದಲ್ಲಿ, ಕೆಳ ಅಂತಸ್ತಿನಲ್ಲಿ ಓಲಾಟ ಕಡಿಮೆ. ಹೊಟ್ಟೆ ಪೂರ್ತಿ ಬರಿದಾಗಿರಬಾರದು, ತುಂಬಿರಲೂಬಾರದು. ಗಂಜಿ, ಚಪಾತಿ, ಬಾಳೆಹಣ್ಣು ಒಳ್ಳೆಯದು, ಕರಿದ ತಿಂಡಿ ಬೇಡ. ಚಲಿಸುವ ಹಡಗಿನಲ್ಲಿ ಪುಸ್ತಕ, ಮೊಬೈಲು ನೋಡುವುದರಿಂದ ತೊಂದರೆ ಹೆಚ್ಚುತ್ತದೆ.

ಔಷಧಿ ಬೇಕಾದರೆ ಪ್ರವಾಸಕ್ಕೆ ಮೊದಲೇ ವೈದ್ಯರನ್ನು ಕೇಳಿ, ಹಡಗು ಹೊರಡುವ ಮುಂಚೆಯೇ ತೆಗೆದುಕೊಳ್ಳಬೇಕು. ವಾಂತಿ ಆರಂಭವಾದ ಮೇಲೆ ನುಂಗಿದ ಮಾತ್ರೆ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಈ ಮಾತ್ರೆಗಳಲ್ಲಿ ಹಲವು ನಿದ್ದೆ ಬರಿಸುತ್ತವೆ. ಪ್ರೊಮೆಥಜಿನ್ ಎಂಬ ಔಷಧಿಯನ್ನು 2 ವರ್ಷಕ್ಕಿಂತ ಚಿಕ್ಕ ಮಕ್ಕಳಿಗೆ ಕೊಡಕೂಡದು. ಗರ್ಭಿಣಿಯರು, ಹೃದ್ರೋಗವುಳ್ಳವರು ವೈದ್ಯರ ಒಪ್ಪಿಗೆಯಿಲ್ಲದೆ ಹೊರಡಬಾರದು.

ಹಡಗಿನೊಳಗೆ ಸುರಕ್ಷೆ

ಕೋಣೆಗೆ ಕಾಲಿಟ್ಟೊಡನೆ ಮೂರು ಕೆಲಸ ಮಾಡಿರಿ: ಲೈಫ್ ಜಾಕೆಟ್ ಎಲ್ಲಿದೆಯೆಂದು ನೋಡಿ, ಮಕ್ಕಳಿಗೆ ಕಟ್ಟಿ ಅಭ್ಯಾಸ ಮಾಡಿಸಿ, ಆಪತ್ಕಾಲದಲ್ಲಿ ಎಲ್ಲರೂ ಸೇರಬೇಕಾದ ಸ್ಥಳವನ್ನು ಸಿಬ್ಬಂದಿಯಿಂದ ತಿಳಿಯಿರಿ, ಅಲ್ಲಿಗೆ ಎರಡು ದಾರಿಗಳಲ್ಲಿ ಒಮ್ಮೆ ನಡೆದು ನೋಡಿರಿ. ಏಳು ಗಿಡ್ಡ ಸದ್ದು, ಬಳಿಕ ಒಂದು ಉದ್ದ ಸದ್ದು ಕೇಳಿದರೆ ಅದು ಅಪಾಯದ ಕರೆ. ಪ್ರಪಂಚದ ಎಲ್ಲ ಪ್ರಯಾಣಿಕ ಹಡಗುಗಳಿಗೂ ಈ ಸಂಕೇತ ಸಮಾನ. 1912ರ ಟೈಟಾನಿಕ್ ದುರಂತದ ಬಳಿಕ, 1914ರಲ್ಲಿ ರೂಪುಗೊಂಡ ಅಂತರರಾಷ್ಟ್ರೀಯ ಒಪ್ಪಂದವೇ ಹಡಗಿನ ಸುರಕ್ಷಾ ನಿಯಮಗಳ ಬುನಾದಿ.

ದ್ವೀಪಗಳ ಸುತ್ತಲೂ ಹವಳದ ದಿಬ್ಬವಿರುವುದರಿಂದ ದೊಡ್ಡ ಹಡಗು ಅನೇಕ ಕಡೆ ಹೊರಗೇ ಲಂಗರು ಹಾಕುತ್ತದೆ. ಅಲ್ಲಿಂದ ಚಿಕ್ಕ ದೋಣಿಗೆ ಇಳಿಯಬೇಕು. ಅಲೆಯೊಡನೆ ದೋಣಿ ಏರುತ್ತ ಇಳಿಯುತ್ತ ಇರುವುದರಿಂದ ಇದೇ ಯಾನದ ಅತ್ಯಂತ ಎಚ್ಚರದ ಗಳಿಗೆ. ಎರಡೂ ಕೈ ಬರಿದಾಗಿರಲಿ, ಲೈಫ್ ಜಾಕೆಟ್ ಬಿಗಿಯಾಗಿರಲಿ. ಮಕ್ಕಳನ್ನು ಸಿಬ್ಬಂದಿಯೇ ಎತ್ತಿ ಇಳಿಸಲಿ. ಮಂಡಿನೋವಿನ ಹಿರಿಯರಿಗೆ ಈ ವಿಷಯವನ್ನು ಮೊದಲೇ ಹೇಳಿ, ಅವರ ಒಪ್ಪಿಗೆಯಿಂದಲೇ ಕರೆದೊಯ್ಯಿರಿ.

ದ್ವೀಪದಲ್ಲಿ ನಡೆನುಡಿ

ದ್ವೀಪವಾಸಿಗಳಲ್ಲಿ ಬಹುತೇಕರು ಮುಸಲ್ಮಾನರು. ಊರೊಳಗೆ ಮೈಮುಚ್ಚುವ ಉಡುಪು ಧರಿಸುವುದು ಮರ್ಯಾದೆ. ಜನವಸತಿಯ ದ್ವೀಪಗಳಲ್ಲಿ ಮದ್ಯ ನಿಷಿದ್ಧ. ಹವಳದ ಒಂದು ಚೂರನ್ನೂ ಹೆಕ್ಕಿ ತರಬಾರದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅದು ಅಪರಾಧ. ಮಕ್ಕಳ ಚೀಲಗಳನ್ನು ಹಿಂದಿರುಗುವಾಗ ನೀವೇ ಒಮ್ಮೆ ನೋಡಿಬಿಡಿ.

ಮಕ್ಕಳ ಕಲಿಕೆಗೆ

ಕವರತ್ತಿಯಲ್ಲಿ ಕಡಲ ನೀರಿನಿಂದ ಕುಡಿಯುವ ನೀರು ಮಾಡುವ ಸ್ಥಾವರವಿದೆ. ಮೇಲ್ಮೈಯ ಬೆಚ್ಚನೆಯ ನೀರಿಗೂ ಆಳದ ತಣ್ಣನೆಯ ನೀರಿಗೂ ಇರುವ ಉಷ್ಣತೆಯ ಅಂತರವನ್ನೇ ಅದು ಬಳಸಿಕೊಳ್ಳುತ್ತದೆ. ಬಾಷ್ಪೀಭವನ, ಸಾಂದ್ರೀಕರಣಗಳ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. ಮಿನಿಕಾಯಿಯಲ್ಲಿ 1885ರ ದೀಪಸ್ತಂಭವಿದೆ.

ನಮ್ಮ ಮಕ್ಕಳು ಮಿನಿಕಾಯಿಯಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿಯುಂಟು. ಉಳಿದ ದ್ವೀಪಗಳಲ್ಲಿ ಮಲಯಾಳದ ಒಂದು ರೂಪ ಮನೆಮಾತಾದರೆ, ಇಲ್ಲಿಯವರ ಮಾತು ಮಹಲ್. ಮಾಲ್ಡೀವ್ಸಿನ ದಿವೇಹಿಯ ಸೋದರಿಯಾದ ಈ ನುಡಿಯನ್ನು ಬಲದಿಂದ ಎಡಕ್ಕೆ ಬರೆಯುತ್ತಾರೆ. ಪುಟ್ಟ ಕೇಂದ್ರಾಡಳಿತ ಪ್ರದೇಶದೊಳಗೂ ಒಂದು ಭಾಷಾ ಅಲ್ಪಸಂಖ್ಯಾತ ಸಮುದಾಯ ತನ್ನ ನುಡಿಯನ್ನು ಮನೆಯಂಗಳದಲ್ಲಿ ಉಳಿಸಿಕೊಂಡಿದೆ. ತಾವು ಮಾತ್ರ ಒಂಟಿಯೆಂದು ಭಾವಿಸುವ ನಮ್ಮ ಮಕ್ಕಳಿಗೆ ಇದು ಧೈರ್ಯ ಕೊಡುವ ಪಾಠ.

ಪ್ರತಿ ಮಗುವಿನ ಕೈಗೂ ಒಂದು ನೋಟುಪುಸ್ತಕ ಕೊಡಿ. ಹಡಗು ಹೊರಟ ಸಮಯ, ಗಾಳಿಯ ದಿಕ್ಕು, ಕಂಡ ಮೀನು, ಕೇಳಿದ ಹೊಸ ಪದ, ಎಲ್ಲವನ್ನೂ ಕನ್ನಡದಲ್ಲಿಯೇ ಬರೆಯಲಿ. ಮರಳಿದ ಮೇಲೆ ಅದನ್ನು ತರಗತಿಯಲ್ಲಿ ಓದಿಸುವ ಹೊಣೆ ಶಿಕ್ಷಕರದು. ಹೋಗಲಾಗದ ಮಕ್ಕಳಿಗೂ ಆ ಕಡಲು ಹೀಗೆಯೇ ದಕ್ಕಬೇಕು.